ವೇಷದ ಅಡಿಯಲ್ಲಿ ಹೆಸರು ಬರೆಯಿರಿ

ಎಲೆನ್ ಟೆರ್ರಿ ಎಂಬ ಇಂಗ್ಲಿಷ್ ನಟಿಯ ಮುಖ ಹದಿನಾರು ಹದಿನೇಳರ ಹರೆಯದಲ್ಲಿ ಹೇಗಿತ್ತು ಎಂದು ಕುಂದಾಪುರದಲ್ಲಿ ಕೂತು ನಾನು ಹೇಳಬಲ್ಲೆ. ಗೋಡೆಗೆ ಒರಗಿದ ತಲೆ, ಕೆಳಗೆ ಬಾಗಿದ ರೆಪ್ಪೆ, ಕೊರಳಿನ ಸರ ಹಿಡಿದ ಬೆರಳು. 1864ರಲ್ಲಿ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ತೆಗೆದ ಚಿತ್ರ ಅದು. ಚಿತ್ರ ತೆಗೆದ ಆ ಹೆಂಗಸು ಹುಟ್ಟಿದ್ದು ನಮ್ಮದೇ ಕಲ್ಕತ್ತೆಯಲ್ಲಿ. ಆದರೆ ಅದೇ 1864ರಲ್ಲಿ ಹಾರಾಡಿ, ಮಟಪಾಡಿ, ಕೋಟ, ಮಂದಾರ್ತಿ, ಮಾರಣಕಟ್ಟೆ ಸೀಮೆಯ ಕೊಯ್ಲಾದ ಗದ್ದೆಗಳಲ್ಲಿ ದೊಂದಿ ಬೆಳಕಿಗೆ ಬೆಳಗಿನವರೆಗೆ ಯಕ್ಷಗಾನ ಕುಣಿದವರಲ್ಲಿ ಒಬ್ಬರ ಮುಖ ಹೇಗಿತ್ತು ಹೇಳು ಎಂದರೆ ನನ್ನ ಬಾಯಿ ಕಟ್ಟುತ್ತದೆ. ನನ್ನದು ಮಾತ್ರವಲ್ಲ, ಮೂರು ತಾಲೂಕುಗಳ ಬಾಯಿ ಕಟ್ಟುತ್ತದೆ. ಲಂಡನ್ನಿನ ನಟಿಯ ಕಣ್ಣರೆಪ್ಪೆ ಗೊತ್ತಿರುವ ನಮಗೆ ನಮ್ಮ ಕರ್ಣನ, ನಮ್ಮ ಕೀಚಕನ, ನಮ್ಮ ದ್ರೌಪದಿಯ ಮುಖ ಗೊತ್ತಿಲ್ಲ. ಇದು ಕಾಲದ ದೋಷ ಎಂದು ಸುಮ್ಮನಾಗುವವರ ಮೇಲೆ ನನಗೆ ಸಿಟ್ಟಿದೆ. ಕಾಲ ಎಂಬುದು ತಾನಾಗಿ ಯಾರ ಮುಖವನ್ನೂ ಅಳಿಸುವುದಿಲ್ಲ. ಯಾರ ಮುಖ ಉಳಿಯಬೇಕು, ಯಾರದ್ದು ಬೇಡ ಎಂದು ತೀರ್ಮಾನ ಮಾಡಿದವರು ಮನುಷ್ಯರು. ಆ ತೀರ್ಮಾನ ಇಂದಿಗೂ ಜಾರಿಯಲ್ಲಿದೆ.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಯುರೋಪಿನ ನಟನಟಿಯರಿಗೆ ಕ್ಯಾಮೆರಾ ಏನು ಮಾಡಿತು ಎಂದು ಮೊದಲು ನೋಡಬೇಕು. 1854ರಲ್ಲಿ ಪ್ಯಾರಿಸ್ಸಿನ ದಿಸ್ದೇರಿ ಎಂಬವನು ಒಂದೇ ಗಾಜಿನ ಫಲಕದ ಮೇಲೆ ಎಂಟು ಚಿಕ್ಕ ಚಿತ್ರ ಮೂಡಿಸುವ ಉಪಾಯಕ್ಕೆ ಪೇಟೆಂಟ್ ಪಡೆದ. ಅಂಗೈಯೊಳಗೆ ಹಿಡಿಯುವಷ್ಟು ಪುಟ್ಟ ಚಿತ್ರ, ರಟ್ಟಿಗೆ ಅಂಟಿಸಿದ್ದು, ಸಾಮಾನ್ಯರ ಕೈಗೆಟಕುವ ಬೆಲೆ. ಭೇಟಿ ಚೀಟಿಯ ಅಳತೆಯ ಈ ಚಿತ್ರಗಳಿಗೆ 1860ರ ದಶಕದಲ್ಲಿ ಹುಚ್ಚೇ ಹಿಡಿಯಿತು. ಅದೇ ದಶಕದ ನಡುವಿನಲ್ಲಿ ಕ್ಯಾಬಿನೆಟ್ ಕಾರ್ಡ್ ಎಂಬ ದೊಡ್ಡ ಅಳತೆಯದ್ದು ಬಂತು. ರಾಣಿಯ ಚಿತ್ರದ ಪಕ್ಕದಲ್ಲೇ ನಟಿಯ ಚಿತ್ರ ಅಂಗಡಿಯ ಕಿಟಕಿಯಲ್ಲಿ ತೂಗಿತು. ಜನ ಅದನ್ನು ಕೊಂಡು ಮನೆಯ ಆಲ್ಬಮ್ಮಿನಲ್ಲಿ ಸೇರಿಸಿದರು. ನ್ಯೂಯಾರ್ಕಿನ ಯೂನಿಯನ್ ಸ್ಕ್ವೇರಿನಲ್ಲಿ ನೆಪೋಲಿಯನ್ ಸರೋನಿ ಎಂಬವನ ಸ್ಟುಡಿಯೋ ಇತ್ತು. ಅವನು 1880ರಲ್ಲಿ ಫ್ರೆಂಚ್ ನಟಿ ಸಾರಾ ಬರ್ನ್‌ಹಾರ್ಟ್ ತನ್ನ ಕ್ಯಾಮೆರಾದ ಎದುರು ನಿಲ್ಲಲೆಂದು ಅವಳಿಗೇ 1,500 ಡಾಲರ್ ಕೊಟ್ಟ. ಗಮನಿಸಿ: ಚಿತ್ರ ತೆಗೆಸಿಕೊಂಡವಳು ದುಡ್ಡು ಕೊಡಲಿಲ್ಲ, ಅವಳ ಮುಖಕ್ಕೆ ದುಡ್ಡು ಬಂತು. ಪ್ರತಿ ಚಿತ್ರದ ಅಡಿಯಲ್ಲಿ ಹೆಸರು. ಯಾವ ನಟ, ಯಾವ ಪಾತ್ರ, ಯಾವ ಸ್ಟುಡಿಯೋ.

ಆಗ ಇಂಗ್ಲೆಂಡಿನ ಸಮಾಜದಲ್ಲಿ ನಟರಿಗೇನು ಮರ್ಯಾದೆ ತುಂಬಿ ತುಳುಕುತ್ತಿರಲಿಲ್ಲ. ನಟಿ ಎಂದರೆ ಮೂಗು ಮುರಿಯುವವರೇ ಹೆಚ್ಚು. ಆದರೂ ಹೆಸರು ಮತ್ತು ಮುಖ ಒಟ್ಟಿಗೆ ಮನೆಮನೆಗೆ ಹೋಗಿ ಹೋಗಿ, ಸಾರ್ವಜನಿಕರ ಕಣ್ಣಿನಲ್ಲಿ ನಟ ಒಬ್ಬ ವ್ಯಕ್ತಿಯಾದ. 1895ರಲ್ಲಿ ಹೆನ್ರಿ ಇರ್ವಿಂಗ್‌ಗೆ ರಾಣಿ ಸರ್ ಪದವಿ ಕೊಟ್ಟಳು. ನಟನೊಬ್ಬನಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಅದಕ್ಕೆ ಎರಡೇ ವರ್ಷ ಹಿಂದೆ, 1893ರಲ್ಲಿ, ನಾವು ಸೇರಿದ್ದ ಮದ್ರಾಸು ಪ್ರಾಂತ್ಯದಲ್ಲಿ ಸಮಾಜ ಸುಧಾರಕರು ವೈಸ್‌ರಾಯ್‌ಗೂ ಗವರ್ನರ್‌ಗೂ ಮನವಿ ಕೊಟ್ಟಿದ್ದರು: ಕುಣಿಯುವ ಹೆಂಗಸರನ್ನು ಕರೆಸುವ ಸಮಾರಂಭಗಳಿಗೆ ತಾವು ಹೋಗಬೇಡಿ ಎಂದು. ಒಂದೇ ರಾಣಿ, ಒಂದೇ ಸಾಮ್ರಾಜ್ಯ. ಅಲ್ಲಿ ಕುಣಿದವರಿಗೆ ಪದವಿ, ಇಲ್ಲಿ ಕುಣಿದವರಿಗೆ ಬಹಿಷ್ಕಾರ.

ನಮ್ಮ ಆಟ ಇರುಳಿನದ್ದು, ಆ ಕಾಲದ ಕ್ಯಾಮೆರಾ ಹಗಲಿನದ್ದು, ಹಾಗಾಗಿ ಚಿತ್ರ ಇಲ್ಲ ಎಂದು ಹೇಳುವ ವಿದ್ವಾಂಸರಿದ್ದಾರೆ. ಅವರ ಮಾತಿನಲ್ಲಿ ಅರ್ಧ ನಿಜ ಇದೆ, ಒಪ್ಪುತ್ತೇನೆ. ಕೊಲೋಡಿಯನ್ ಎಂಬ ಅಂಟು ರಸಾಯನ ಬಳಿದ ಗಾಜು ಒದ್ದೆಯಾಗಿರುವಾಗಲೇ ಚಿತ್ರ ಹಿಡಿದು, ಒಣಗುವ ಮೊದಲೇ ಕತ್ತಲಲ್ಲಿ ತೊಳೆಯಬೇಕಿತ್ತು. ಒಳ್ಳೆಯ ಬಿಸಿಲಿದ್ದರೂ ಕೆಲವು ಕ್ಷಣ ಅಲ್ಲಾಡದೆ ನಿಲ್ಲಬೇಕು. ಕತ್ತು ಅಲುಗದಂತೆ ಹಿಂದಿನಿಂದ ಕಬ್ಬಿಣದ ಚಿಮಟದಲ್ಲಿ ಹಿಡಿಸುತ್ತಿದ್ದರು. ದೊಂದಿಯ ಬೆಳಕಿಗೆ, ಅದೂ ಕುಣಿಯುವ ವೇಷವನ್ನು, ಆ ಫಲಕ ಹಿಡಿಯಲಾರದು. ಸರಿ. ಆದರೆ ಲಂಡನ್ನಿನ ಹ್ಯಾಮ್ಲೆಟ್ ಕೂಡ ನಾಟಕದ ನಡುವೆ ಚಿತ್ರ ತೆಗೆಸಿಕೊಂಡವನಲ್ಲ. ಅವನು ಹಗಲು ಹೊತ್ತು ಗಾಜಿನ ಮಾಡಿನ ಸ್ಟುಡಿಯೋಕ್ಕೆ ಹೋಗಿ, ವೇಷ ಕಟ್ಟಿಕೊಂಡು, ಬಣ್ಣ ಬಳಿದ ಪರದೆಯ ಎದುರು ಕಲ್ಲಿನಂತೆ ನಿಂತವನು. ನಮ್ಮ ವೇಷಧಾರಿಗೆ ಸ್ಟುಡಿಯೋವೂ ಬೇಕಿರಲಿಲ್ಲ. ಭಾಗವತರು ಮಂಗಳ ಹಾಡುವಾಗ ಮೂಡಣ ಬೆಳ್ಳಗಾಗಿರುತ್ತದೆ. ಕಿರೀಟ, ಭುಜಕೀರ್ತಿ, ಎದೆಕಟ್ಟು ಎಲ್ಲ ಮೈಮೇಲೆಯೇ ಇರುವಾಗ ಎಳೆಬಿಸಿಲು ಗದ್ದೆಗೆ ಬೀಳುತ್ತದೆ. ಆ ಒಂದು ಗಳಿಗೆಯಲ್ಲಿ ಕ್ಯಾಮೆರಾದವನೊಬ್ಬ ಗದ್ದೆಯ ಅಂಚಿನಲ್ಲಿ ನಿಂತಿದ್ದರೆ ಸಾಕಿತ್ತು. 1871ರಲ್ಲಿ ಒಣ ಫಲಕ ಕಂಡುಹಿಡಿದರು, ಹತ್ತು ವರ್ಷದೊಳಗೆ ಅದು ಮಾರುಕಟ್ಟೆಗೆ ಬಂತು. 1887ರಲ್ಲಿ ಮೆಗ್ನೀಸಿಯಂ ಪುಡಿಯ ಮಿಂಚು ಬೆಳಕೂ ಬಂತು. ಆಮೇಲೆ ಇರುಳನ್ನು ದೂರುವುದಕ್ಕೆ ದಾರಿಯೇ ಇಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಆ ಹಳೆಯ ಫಲಕಕ್ಕೆ ಕೆಂಪು ಕಾಣುತ್ತಿರಲಿಲ್ಲ, ಹಳದಿಯೂ ಸರಿಯಾಗಿ ಕಾಣುತ್ತಿರಲಿಲ್ಲ. ನೀಲಿ ಮಾತ್ರ ಬೆಳ್ಳಗೆ ಮೂಡುತ್ತಿತ್ತು, ಕೆಂಪು ಕಪ್ಪಾಗಿ ಬೀಳುತ್ತಿತ್ತು. ಅಂದರೆ ನಮ್ಮ ಬಣ್ಣದ ವೇಷವೊಂದು ಆ ಕ್ಯಾಮೆರಾದ ಎದುರು ನಿಂತಿದ್ದರೆ, ಇಂಗಳಿಕದ ಕೆಂಪು ಕೆನ್ನೆ ಕರಿಯಾಗಿ, ಅರದಾಳದ ಹಳದಿ ಮಸಿಯಾಗಿ, ಕೆಂಪು ಹಳದಿ ಚೌಕುಳಿಯ ಸೀರೆ ಇಡೀ ಇದ್ದಿಲಾಗಿ, ಅಕ್ಕಿಹಿಟ್ಟಿನ ಚುಟ್ಟಿ ಮಾತ್ರ ಬೆಳ್ಳಗೆ ಮಿಂಚುವ ಒಂದು ಭಯಂಕರ ಚಿತ್ರ ಬರುತ್ತಿತ್ತು. ನಮ್ಮ ಹಿರಿಯರು ಶತಮಾನಗಳಿಂದ ಪಳಗಿಸಿಕೊಂಡ ಬಣ್ಣಗಾರಿಕೆಯನ್ನು ಅರಿಯುವ ಕಣ್ಣು ಆ ಯಂತ್ರಕ್ಕಿರಲಿಲ್ಲ. ಆದರೂ ಅಂಥ ಒಂದು ಕರಿಚಿತ್ರಕ್ಕಾಗಿ ನಾನು ಇವತ್ತು ಹಂಬಲಿಸುತ್ತೇನೆ. ಬಣ್ಣ ತಪ್ಪಿದರೂ ಮೂಗು ಇರುತ್ತಿತ್ತು, ಕಣ್ಣು ಇರುತ್ತಿತ್ತು, ನಿಲುವು ಇರುತ್ತಿತ್ತು. ಮುಂಡಾಸಿನ ಅಟ್ಟೆ ಆಗ ಎಷ್ಟು ದಪ್ಪ ಕಟ್ಟುತ್ತಿದ್ದರು, ಕೇದಗೆ ಮುಂದಲೆ ಎಷ್ಟು ಎತ್ತರ ಏರುತ್ತಿತ್ತು, ಹಾರಾಡಿ ತಿಟ್ಟಿನವರ, ಅಂದರೆ ಆ ಶೈಲಿಯವರ, ನಿಲುವಿಗೂ ಮಟಪಾಡಿ ತಿಟ್ಟಿನವರ ನಿಲುವಿಗೂ ಎಷ್ಟು ಅಂತರ ಇತ್ತು ಎಂಬ ನಮ್ಮ ಮುಗಿಯದ ವಾದಗಳಿಗೆ ಒಂದು ಸಾಕ್ಷಿ ಇರುತ್ತಿತ್ತು.

ಕ್ಯಾಮೆರಾ ನಮ್ಮ ಜಿಲ್ಲೆಗೆ ಬಂದೇ ಇರಲಿಲ್ಲವೇ? ಬಂದಿತ್ತು. ಬಾಸೆಲ್ ಮಿಷನ್ನಿನವರು 1834ರಲ್ಲೇ ಮಂಗಳೂರಿಗೆ ಬಂದವರು. ಅವರ ಶಾಲೆ, ನೇಯ್ಗೆ ಕಾರ್ಖಾನೆ, ಹೆಂಚಿನ ಕಾರ್ಖಾನೆಯ ಚಿತ್ರಗಳು ಇಂದಿಗೂ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸಂಗ್ರಹದಲ್ಲಿ ಜೋಪಾನವಾಗಿವೆ. ಸರಕಾರದ ಕ್ಯಾಮೆರಾ ಇನ್ನೂ ದೊಡ್ಡದು. 1868ರಿಂದ 1875ರವರೆಗೆ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟ ಹೊರಟವು, ನಾನೂರಕ್ಕೂ ಮಿಕ್ಕಿ ಚಿತ್ರಗಳು. 1857ರ ದಂಗೆಯಿಂದ ನಡುಗಿದ್ದ ಸರಕಾರ ತನ್ನ ಪ್ರಜೆಗಳನ್ನು ಜಾತಿವಾರು ಗುರುತು ಹಿಡಿಯಲು ಹೊರಟ ಕಾಲ ಅದು. 1885ರಿಂದ ಮದ್ರಾಸಿನ ಸರಕಾರಿ ಮ್ಯೂಸಿಯಂ ನೋಡಿಕೊಂಡ ಎಡ್ಗರ್ ಥರ್ಸ್ಟನ್ ಜನರ ತಲೆಬುರುಡೆ, ಮೂಗು ಅಳೆಯುತ್ತ, ಚಿತ್ರ ಹಿಡಿಯುತ್ತ ತಿರುಗಿದ. ಅವನ ಏಳು ಸಂಪುಟಗಳು 1909ರಲ್ಲಿ ಅಚ್ಚಾದವು. ಅದರಲ್ಲಿ ನಲಿಕೆಯವರಿದ್ದಾರೆ, ಪರವರಿದ್ದಾರೆ, ಪಂಬದರಿದ್ದಾರೆ. ನಲಿಕೆಯವರೆಂದರೆ ನಮ್ಮ ಕುಂದಾಪುರ ಸೀಮೆಯ ಪಾಣರು. ಪಾಣರಾಟದ ಪಾಣರು. ದೈವ ಕಟ್ಟಿ ಇಡೀ ಊರಿಗೆ ಅಭಯ ಕೊಡುವವರು.

ಅಂಥವರ ಚಿತ್ರದ ಅಡಿಯಲ್ಲಿ ಏನು ಬರೆದರು? ಜಾತಿಯ ಹೆಸರು. ದೆವ್ವದ ಕುಣಿತದವ ಎಂಬ ಒಂದು ಮಾತು. ಮುಗಿಯಿತು. ಅವನಿಗೊಬ್ಬ ಅಪ್ಪ ಇದ್ದ, ಅವನ ನಾಲಗೆಯಲ್ಲಿ ಪಾಡ್ದನ ಇತ್ತು, ಅವನ ಗಗ್ಗರದ ದನಿ ಕೇಳಿ ಜನ ಇವನೇ ಎಂದು ಗುರುತು ಹಿಡಿಯುತ್ತಿದ್ದರು. ಯಾವುದೂ ಬೇಡವಾಯಿತು. ಎಲೆನ್ ಟೆರ್ರಿಯದ್ದೂ ರಂಗದ ಮುಖ, ಪಾಣರವನದ್ದೂ ರಂಗದ ಮುಖ. ಅವಳ ಚಿತ್ರ ಅವಳದ್ದಾಯಿತು, ಅವನ ಚಿತ್ರ ಅವನ ಜಾತಿಯದ್ದಾಯಿತು. ವಿಕ್ಟೋರಿಯಾ ಕಾಲದ ಕ್ಯಾಮೆರಾ ಒಂದೇ ಆಗಿತ್ತು ಎಂದು ಯಾರಾದರೂ ನನಗೆ ಪಾಠ ಮಾಡಲು ಬಂದರೆ ನಾನು ಒಪ್ಪುವುದಿಲ್ಲ. ಎರಡು ಕ್ಯಾಮೆರಾಗಳಿದ್ದವು. ಒಂದು ಮನುಷ್ಯರನ್ನು ನೋಡಿತು, ಇನ್ನೊಂದು ಮಾದರಿಗಳನ್ನು ನೋಡಿತು.

ಬ್ರಿಟಿಷರನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ನನ್ನ ಸಿಟ್ಟಿನ ದೊಡ್ಡ ಪಾಲು ನಮ್ಮವರ ಮೇಲಿದೆ. ಯಕ್ಷಗಾನ ಪ್ರಸಂಗ ಬರೆದ ಕವಿಗಳ ಹೆಸರನ್ನು ನಾವು ಕಾಪಾಡಿದೆವು. ದೇವಿದಾಸ, ಪಾರ್ತಿಸುಬ್ಬ, ನಗಿರೆಯ ಸುಬ್ಬ. ಅವರ ಕಾಲ ಯಾವುದು, ಊರು ಯಾವುದು ಎಂದು ಪಂಡಿತರು ದಶಕಗಟ್ಟಲೆ ಜಗಳವಾಡಿದರು, ಆಡಲಿ. ಆದರೆ ಆ ಪದ್ಯಗಳಿಗೆ ಮೈ ಕೊಟ್ಟವರು ಯಾರು? ಓಲೆಗರಿಯ ಮೇಲಿದ್ದ ಭೀಮನನ್ನು ಗದ್ದೆಯಲ್ಲಿ ನಿಲ್ಲಿಸಿದವರು ಯಾರು? ಬರೆದವರು ಹೆಚ್ಚಿನಂಶ ಒಂದು ಜಾತಿ, ಕುಣಿದವರು ಬೇರೆ ಬೇರೆ ಜಾತಿ: ಗಾಣಿಗರು, ನಾಯಕರು, ಬಂಟರು, ಬಿಲ್ಲವರು, ಮೊಗವೀರರು, ದೇವಾಡಿಗರು. ಓಲೆಗರಿಗೆ ಗೌರವ ಸಿಕ್ಕಿತು, ಬೆವರಿಗೆ ಸಿಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ವೇಷಧಾರಿಯ ಮುಖವೂ ಉಳಿಯದೆ ಹೆಸರೂ ಉಳಿಯದೆ ಹೋದದ್ದಕ್ಕೆ ಥರ್ಸ್ಟನ್ ಒಬ್ಬನೇ ಕಾರಣನಲ್ಲ.

ಹೆಸರಿಗಾಗಿ ತಾನೇ ಕೂಗಿದ ಒಬ್ಬಳ ಕಥೆ ಇಲ್ಲಿ ನೆನಪಾಗುತ್ತದೆ. ಗೌಹರ್ ಜಾನ್. 1902ರಲ್ಲಿ ಗ್ರಾಮಫೋನಿಗೆ ಹಾಡಿದವಳು. ಪ್ರತಿ ತಟ್ಟೆಯ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರು ತಾನೇ ಗಟ್ಟಿಯಾಗಿ ಹೇಳುತ್ತಿದ್ದಳು. ತಟ್ಟೆ ಅಚ್ಚು ಮಾಡುವ ಪರದೇಶದ ಕೆಲಸಗಾರರಿಗೆ ಯಾರ ಹಾಡು ಎಂದು ತಿಳಿಯಲಿ ಎಂಬುದು ಅದಕ್ಕೆ ಕಾರಣ. ಅವಳ ಮುಖ ಆಸ್ಟ್ರಿಯಾದಲ್ಲಿ ತಯಾರಾದ ಬೆಂಕಿಪೊಟ್ಟಣದ ಮೇಲೂ ಅಚ್ಚಾಯಿತು. ಕಡೆಗಾಲದಲ್ಲಿ ಅವಳು ನಮ್ಮ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ನಾಚ್ ಹೆಂಗಸು ಎಂದು ಹೀಯಾಳಿಸಿದ ಕಾಲದಲ್ಲಿ ಅವಳು ಮುಖಕ್ಕೂ ದನಿಗೂ ಹೆಸರನ್ನು ಮೊಳೆ ಹೊಡೆದು ಕೂರಿಸಿದಳು. ಹಾಗಾಗಿ ಇಂದು ಅವಳ ಚಿತ್ರ ಕಂಡರೆ ನಾವು ಗೌಹರ್ ಜಾನ್ ಎನ್ನುತ್ತೇವೆ, ನಾಚ್ ಹುಡುಗಿ ಎನ್ನುವುದಿಲ್ಲ.

ಹೆಸರು ಕೇಳುವ ಅಭ್ಯಾಸ ನಮ್ಮ ಜನರಿಗೆ ಇಲ್ಲ ಎನ್ನಬೇಡಿ. ನಮ್ಮ ಕಡೆಯ ಯಾವ ಆಟಕ್ಕಾದರೂ ಹೋಗಿ. ಗರ್ನಾಲು ಹೊಡೆದು ಚೆಂಡೆ ಶುರುವಾಗುತ್ತಿದ್ದ ಹಾಗೆ ಪಕ್ಕದಲ್ಲಿ ಕೂತವರು ಕೇಳುತ್ತಾರೆ: "ಹ್ವಾಯ್, ಇವತ್ತ್ ಕರ್ಣ ಯಾರದ್ದ್?" ಮರುದಿನ ಚಾದಂಗಡಿಯಲ್ಲೂ ಅದೇ ಮಾತು. ನಮ್ಮ ಪ್ರೇಕ್ಷಕನಿಗೆ ಕರ್ಣ ಎಂದರೆ ಸಾಲದು, ಹಾರಾಡಿ ರಾಮ ಗಾಣಿಗರ ಕರ್ಣ ಎಂದೇ ಹೇಳಬೇಕು. ಹಾರಾಡಿ ಕುಷ್ಟ ಗಾಣಿಗರ ಪುರುಷವೇಷ, ಹಾರಾಡಿ ನಾರಾಯಣ ಗಾಣಿಗರ ಸ್ತ್ರೀವೇಷ, ಗುರು ವೀರಭದ್ರ ನಾಯಕರ ಮಟಪಾಡಿ ತಿಟ್ಟಿನ ಹೆಜ್ಜೆ, ನಾರಣಪ್ಪ ಉಪ್ಪೂರರ ಭಾಗವತಿಕೆ. ಪಾತ್ರ ಮತ್ತು ವ್ಯಕ್ತಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಸಂಸ್ಕಾರ ನಮ್ಮ ಗದ್ದೆಯ ಬದುವಿನ ಮೇಲೆ ಕೂತ ಅಜ್ಜಿಯಂದಿರಿಗೆ ಇತ್ತು. ಎಲೆನ್ ಟೆರ್ರಿಯ ಚಿತ್ರದ ಅಡಿಯಲ್ಲಿ ಲಂಡನ್ನಿನ ಅಂಗಡಿಯವನು ಅಚ್ಚು ಹಾಕಿಸಿದ್ದನ್ನು ನಮ್ಮ ಅಜ್ಜಿ ಅಕ್ಷರ ಬಾರದೆಯೂ ಬಾಯಲ್ಲಿ ಇಟ್ಟುಕೊಂಡಿದ್ದಳು. ಅಕ್ಷರ ಬಂದವರು, ಅಚ್ಚುಕೂಟ ಇದ್ದವರು, ಕ್ಯಾಮೆರಾ ಕೈಯಲ್ಲಿ ಹಿಡಿದವರು ಆ ಹೆಸರನ್ನು ಕತ್ತರಿಸಿ ಹಾಕಿದರು.

ಎಲ್ಲರೂ ಅಲ್ಲ. ಕೋಟ ಶಿವರಾಮ ಕಾರಂತರು 1957ರ 'ಯಕ್ಷಗಾನ ಬಯಲಾಟ' ಗ್ರಂಥದಲ್ಲಿ ವೇಷ, ಕುಣಿತ, ಮುಖವರ್ಣಿಕೆಗೆ ಕೊಟ್ಟ ಗಮನವನ್ನು ಅಲ್ಲಿಯವರೆಗೆ ಯಾರೂ ಕೊಟ್ಟಿರಲಿಲ್ಲ. ಅಮೆರಿಕದಿಂದ ಬಂದ ಮಾರ್ಥಾ ಆ್ಯಶ್ಟನ್ ವೀರಭದ್ರ ನಾಯಕರ ಹತ್ತಿರ ಹೆಜ್ಜೆ ಕಲಿತು, ಬ್ರೂಸ್ ಕ್ರಿಸ್ಟಿಯ ಜೊತೆ 1977ರಲ್ಲಿ ಇಂಗ್ಲಿಷ್ ಗ್ರಂಥ ತಂದರು. ಪರದೇಶದ ಹೆಂಗಸೊಬ್ಬಳು ನಮ್ಮ ಗುರುವನ್ನು ಗುರು ಎಂದಳು. ಡೇರೆ ಮೇಳಗಳ ಕಾಲದ ಕರಪತ್ರಗಳನ್ನೂ ನಾನು ಮರೆಯುವುದಿಲ್ಲ. ಗುಲಾಬಿ, ಹಳದಿ, ಹಸಿರು ಬಣ್ಣದ ತೆಳು ಕಾಗದ, ಸೀಸದ ಅಚ್ಚು, ನಡುವೆ ಮಸಿ ಹಬ್ಬಿದ ಬ್ಲಾಕಿನ ಚಿತ್ರ. ಸಾಲಿಗ್ರಾಮ, ಪೆರ್ಡೂರು ಮೇಳದ ಆಟ ಇದ್ದರೆ ಜೀಪಿಗೆ ಮೈಕು ಕಟ್ಟಿ ಬೀದಿಯಲ್ಲಿ ಎಸೆಯುತ್ತಿದ್ದರು, ಮಕ್ಕಳು ಧೂಳಿನಲ್ಲಿ ಓಡಿ ಹೆಕ್ಕುತ್ತಿದ್ದರು. ಟಿಕೆಟ್ಟು ಮಾರಬೇಕಾದ್ದರಿಂದ ಹೆಸರು ಬೇಕಾಗಿತ್ತು. ಚಿತ್ರದ ಅಡಿಯಲ್ಲಿ ಹೆಸರು, ಹೆಸರಿನ ಮುಂದೆ ಪಾತ್ರ. ವಿಕ್ಟೋರಿಯಾ ಕಾಲದ ಕ್ಯಾಬಿನೆಟ್ ಕಾರ್ಡಿಗೆ ನಮ್ಮ ಸೀಮೆಯಲ್ಲಿ ಸಾಟಿಯಾದದ್ದು ಅದೊಂದೇ. ನಮ್ಮಲ್ಲಿ ಎಷ್ಟು ಜನ ಅದನ್ನು ಎತ್ತಿಟ್ಟಿದ್ದೇವೆ? ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ ಹಳೆಯ ನಟನಟಿಯರ ಸಾವಿರಾರು ಚಿತ್ರಗಳನ್ನು ಪೆಟ್ಟಿಗೆಯಲ್ಲಿ ಕಾಯುತ್ತಿದೆ. ನಮ್ಮ ಕರಪತ್ರಗಳು ಬೆಲ್ಲ ಕಟ್ಟಿ ಮುಗಿದವು. ಕ್ಯಾಸೆಟ್ಟು ಬಂದಾಗ ಭಾಗವತರಿಗೂ ಆ ಭಾಗ್ಯ ಬಂತು. ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದರು, ಎಳೆಯ ಪ್ರಾಯ. ಅವರ ದನಿ ಇನ್ನೂ ಅವರ ಹೆಸರಿನೊಂದಿಗೇ ಓಡಾಡುತ್ತಿದೆ, ಏಕೆಂದರೆ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಹೆಸರಿತ್ತು.

ಆದರೆ ಕರಪತ್ರದಲ್ಲೂ ಕೋಡಂಗಿಯ ಹೆಸರಿಲ್ಲ. ಬಾಲಗೋಪಾಲರ ಹೆಸರಿಲ್ಲ. ಪೀಠಿಕೆ ಸ್ತ್ರೀವೇಷದ ಹುಡುಗನ ಹೆಸರಿಲ್ಲ. ಜನ ಬಂದು ಕೂರುವ ಮೊದಲೇ ಕುಣಿದು ಮುಗಿಸುವವರು ಅವರು. ಪೆಟ್ಟಿಗೆ ಹೊತ್ತು ಹೊಳೆ ದಾಟಿದವರ ಹೆಸರಂತೂ ಎಲ್ಲಿಯೂ ಇಲ್ಲ.

ಈಗಿನ ಮಾತಿಗೆ ಬರುತ್ತೇನೆ. ಹೆದ್ದಾರಿ 66ರಲ್ಲಿ ಬ್ರಹ್ಮಾವರದಿಂದ ಬೈಂದೂರಿನವರೆಗೆ ಬನ್ನಿ. ಹೋಟೆಲಿನ ಗೋಡೆಯಲ್ಲಿ ಯಕ್ಷಗಾನದ ಮುಖ, ಚಿನ್ನದಂಗಡಿಯ ಫಲಕದಲ್ಲಿ ಯಕ್ಷಗಾನದ ಮುಖ, ಮೀನೂಟದ ಮೆನುವಿನಲ್ಲಿ, ಸಮಾವೇಶದ ಸ್ವಾಗತ ಕಮಾನಿನಲ್ಲಿ, ಪ್ರವಾಸೋದ್ಯಮದ ಜಾಹೀರಾತಿನಲ್ಲಿ, ರಿಕ್ಷಾದ ಬೆನ್ನಿನಲ್ಲಿ ಎಲ್ಲೆಲ್ಲೂ ಕಿರೀಟ ಕಟ್ಟಿದ ಒಂದು ಮುಖ. ಅದು ಯಾರ ಮುಖ? ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಆ ಬಣ್ಣ ಬರೆದ ಕೈ ಯಾರದ್ದು? ಕೇಳಿದರೆ ಯಕ್ಷಗಾನ ಎನ್ನುತ್ತಾರೆ. ಥರ್ಸ್ಟನ್ ಜಾತಿಯ ಹೆಸರು ಬರೆದು ಬಿಟ್ಟ, ನೀವು ಕಲೆಯ ಹೆಸರು ಬರೆದು ಬಿಡುತ್ತೀರಿ. ಮನುಷ್ಯನ ಹೆಸರಿಗೆ ಜಾಗ ಅವನಲ್ಲೂ ಇರಲಿಲ್ಲ, ನಿಮ್ಮಲ್ಲೂ ಇಲ್ಲ. ಒಂದು ಹಣಕಾಸು ಸಂಸ್ಥೆಯ ಗೋಡೆ ಕ್ಯಾಲೆಂಡರು ನಮ್ಮ ಮನೆಗೂ ಬಂದಿತ್ತು. ಹನ್ನೆರಡು ತಿಂಗಳಿಗೆ ಹನ್ನೆರಡು ವೇಷ. ಅಡಿಯಲ್ಲಿ ನಿರ್ದೇಶಕರ ಹೆಸರಿತ್ತು, ಶಾಖೆಗಳ ಫೋನು ನಂಬರಿತ್ತು, ಛಾಯಾಚಿತ್ರಕಾರರ ಹೆಸರಿತ್ತು. ಹನ್ನೆರಡು ಕಲಾವಿದರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಆ ಮುಖಗಳಲ್ಲಿ ಕೆಲವರು ಪತ್ತನಾಜೆ ಕಳೆದು, ತಿರುಗಾಟ ಮುಗಿದು ಮೇಳ ಒಳಗಾದ ಮೇಲೆ ಬೆಂಗಳೂರಿನ ಹೋಟೆಲಿಗೆ ದುಡಿಯಲು ಹೋಗುವವರು. ಅವರ ಮುಖ ಸಂಸ್ಥೆಯ ಗೋಡೆಗೆ ಬೇಕು, ಅವರಿಗೆ ಸಾಲ ಬೇಕೆಂದರೆ ಜಾಮೀನು ಬೇಕು.

ಇನ್ನು ಮೊಬೈಲಿನ ಚಿತ್ರಗಳು. ಕೆಲವು ಹುಡುಗರು ಪ್ರೀತಿಯಿಂದ ರಾತ್ರಿಯಿಡೀ ನಿದ್ದೆಗೆಟ್ಟು ಚಿತ್ರ ತೆಗೆದು, ಕಲಾವಿದರ ಹೆಸರು, ಪ್ರಸಂಗ, ಮೇಳ ಎಲ್ಲ ಬರೆದು ಹಾಕುತ್ತಾರೆ. ಅವರಿಗೆ ನಾನು ಕೈ ಮುಗಿಯುತ್ತೇನೆ. ಉಳಿದವರು ವೇಷದ ಎದೆಯ ಮೇಲೆಯೇ ತಮ್ಮ ಹೆಸರಿನ ಮುದ್ರೆ ಒತ್ತುತ್ತಾರೆ. ಎದೆಕಟ್ಟಿನ ಮೇಲೆ, ಕೊರಳ ಅಡ್ಡಿಕೆಯ ಮೇಲೆ, ತೆಗೆದವನ ಹೆಸರು. ಕಟ್ಟಿಕೊಂಡವನ ಹೆಸರಿಲ್ಲ.

ಕಾನೂನು ಹಾಗೆಯೇ ಇದೆ ಎನ್ನುತ್ತಾರೆ. ಹೌದು, ಹಾಗೆಯೇ ಇದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವನೇ. 1994ರ ತಿದ್ದುಪಡಿ ಕಲಾವಿದನಿಗೂ ತನ್ನ ಪ್ರದರ್ಶನದ ಮೇಲೆ ಹಕ್ಕು ಕೊಟ್ಟಿತು. 2012ರಲ್ಲಿ ಸೇರಿದ 38ಬಿ ಕಲಂ, ಪ್ರದರ್ಶನಕ್ಕೆ ತನ್ನ ಹೆಸರು ಹೇಳಿಸಿಕೊಳ್ಳುವ ನೈತಿಕ ಹಕ್ಕನ್ನೂ ಕೊಟ್ಟಿತು. ಆದರೆ ಪ್ರದರ್ಶನದ ಮೇಲಿನ ಹಕ್ಕು ಬಹುಪಾಲು ಅದರ ಧ್ವನಿ ಮತ್ತು ದೃಶ್ಯ ಮುದ್ರಣದ ಮೇಲಿನ ಹಕ್ಕು, ದೃಶ್ಯ ಮುದ್ರಣ ಎಂದರೆ ಚಲಿಸುವ ಚಿತ್ರ ಎಂದು ಅದೇ ಕಾಯ್ದೆ ಹೇಳುತ್ತದೆ. ನಿಂತ ಚಿತ್ರ ಆ ಬೇಲಿಯ ಹೊರಗೆ ಉಳಿಯಿತು. ವೇಷಧಾರಿ ಅಲುಗಿದರೆ ಹಕ್ಕುದಾರ, ನಿಂತರೆ ಯಾರೂ ಅಲ್ಲ.

ಫೋಟೊ ತೆಗೆದವನೇ ಕರ್ತೃ ಎಂಬ ತತ್ವಕ್ಕೆ ಅಮೆರಿಕದಲ್ಲಿ ಬಲ ಕೊಟ್ಟದ್ದು ನ್ಯೂಯಾರ್ಕಿನ ಅದೇ ಸರೋನಿಯ ಒಂದು ಮೊಕದ್ದಮೆ. 1882ರಲ್ಲಿ ಅವನು ಆಸ್ಕರ್ ವೈಲ್ಡ್‌ನ ಚಿತ್ರಗಳನ್ನು ತೆಗೆದ. ಒಂದು ಕಂಪನಿ ಅದರಲ್ಲೊಂದನ್ನು ಅನುಮತಿ ಇಲ್ಲದೆ 85,000 ಪ್ರತಿ ಅಚ್ಚು ಹಾಕಿತು. ಯಂತ್ರ ತೆಗೆದ ಚಿತ್ರಕ್ಕೆ ಕರ್ತೃ ಎಲ್ಲಿಂದ ಬಂದ ಎಂಬುದು ಕಂಪನಿಯ ವಾದ. ಅಮೆರಿಕದ ಸುಪ್ರೀಂ ಕೋರ್ಟು 1884ರಲ್ಲಿ ಸರೋನಿಯ ಪರ ತೀರ್ಪು ಕೊಟ್ಟಿತು. ಯಾವ ಕಾರಣಕ್ಕೆ? ಗುಂಡಿ ಒತ್ತಿದ್ದಕ್ಕಲ್ಲ. ನಿಲುವು ಹೇಗಿರಬೇಕು, ಉಡುಪು ಯಾವುದು, ಬಟ್ಟೆಯ ಮಡಿಕೆ ಎಲ್ಲಿ ಬೀಳಬೇಕು, ಬೆಳಕು ನೆರಳು ಹೇಗೆ, ಮುಖದ ಭಾವ ಏನು ಎಂದೆಲ್ಲ ತನ್ನ ಮನಸ್ಸಿನಲ್ಲಿ ಕಲ್ಪಿಸಿ ಹೊಂದಿಸಿದವನು ಅವನು ಎಂಬ ಕಾರಣಕ್ಕೆ. ಆ ಅಳತೆಗೋಲನ್ನೇ ತೆಗೆದುಕೊಂಡು ನಮ್ಮ ರಂಗಸ್ಥಳಕ್ಕೆ ಬನ್ನಿ. ಉಡುಪು ಯಾರು ಹೊಂದಿಸಿದ್ದು? ವೇಷಧಾರಿ. ಮುಖದ ಬಣ್ಣ, ಹಣೆಯ ನಾಮ, ಕಣ್ಣಿನ ಕಾಡಿಗೆ ಯಾರದ್ದು? ವೇಷಧಾರಿಯದ್ದು. ನಿಲುವು? ಹತ್ತಾರು ವರ್ಷ ಗುರುವಿನ ಎದುರು ಮೊಣಕಾಲು ಸವೆಸಿ ಕಲಿತದ್ದು. ಭಾವ? ಅವನದ್ದೇ. ಒಡ್ಡೋಲಗದಲ್ಲಿ ತೆರೆ ಸರಿದಾಗ ಯಾವ ಕ್ಷಣ ಹೇಗೆ ನಿಂತರೆ ಮುಂದಿನ ಸಾಲಿನ ಮಗುವೂ ಹಿಂದಿನ ಸಾಲಿನ ಮುದುಕನೂ ಉಸಿರು ಹಿಡಿಯುತ್ತಾರೆ ಎಂಬ ಲೆಕ್ಕ? ಅದೂ ಅವನದ್ದೇ. ಸರೋನಿ ಯಾವ ಕಾರಣಕ್ಕೆ ಗೆದ್ದನೋ ಅದೇ ಕಾರಣಕ್ಕೆ ಹಾರಾಡಿಯ ವೇಷಧಾರಿ ಗೆಲ್ಲಬೇಕಿತ್ತು. ಆ ಚಿತ್ರದಲ್ಲಿ ಕಲ್ಪಿಸಿದ್ದೆಲ್ಲ ಅವನದ್ದು. ಕೊನೆಯ ಒಂದು ಕ್ಷಣ ಮಾತ್ರ ಕ್ಯಾಮೆರಾದವನದ್ದು. ಅವನಿಗೆ ದಕ್ಕಬೇಕಾದ್ದು ಅವನಿಗೆ ದಕ್ಕಲಿ, ಬೇಡ ಎನ್ನುವುದಿಲ್ಲ. ಇಡೀ ಗದ್ದೆಯನ್ನೇ ಬರೆಸಿಕೊಳ್ಳುವುದು ಯಾವ ನ್ಯಾಯ?

2022ರಲ್ಲಿ ಕುಂದಾಪುರದ ಕೆರಾಡಿಯಲ್ಲಿ ಚಿತ್ರೀಕರಣವಾದ 'ಕಾಂತಾರ' ಸಿನಿಮಾ ದೈವದ ಮುಖವನ್ನು ಜಗತ್ತಿಗೆಲ್ಲ ತೋರಿಸಿತು. ಆ ವರ್ಷವೇ ಸರಕಾರ 60 ದಾಟಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ಬರಲಿ, ಬೇಕಾದದ್ದೇ. ಆದರೆ ಆ ನಂತರ ಟೀ ಶರ್ಟಿನಿಂದ ಹಿಡಿದು ಗೋಡೆ ಗಡಿಯಾರದವರೆಗೆ ಮಾರಾಟವಾದ ದೈವದ ಮುಖಗಳಿಗೆ ನಮ್ಮೂರ ಪಾಣರ ಹಿರಿಯರನ್ನು ಯಾರಾದರೂ ಒಂದು ಮಾತು ಕೇಳಿದರೇ? ತಲೆತಲಾಂತರದಿಂದ ಆ ಬಣ್ಣವನ್ನು, ಆ ಅಣಿಯನ್ನು ಉಳಿಸಿಕೊಂಡು ಬಂದವರ ಹೆಸರನ್ನು ಯಾವ ಟೀ ಶರ್ಟಿನ ಅಂಚಿನಲ್ಲಾದರೂ ಕಂಡಿರೇ? ಉಪ್ಪಿನಕುದ್ರುವಿನ ಗೊಂಬೆಯಾಟವನ್ನೇ ನೋಡಿ. ಕೊಗ್ಗ ಕಾಮತರಿಗೆ 1980ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂದದ್ದರಿಂದ ಸೂತ್ರ ಹಿಡಿದ ಕೈಗೆ ಒಂದು ಹೆಸರು ಉಳಿಯಿತು. ದೆಹಲಿಯವರು ಗುರುತಿಸಿದ ಮೇಲೆ ನಾವು ಗುರುತಿಸುತ್ತೇವೆ ಎಂಬುದೂ ನನಗೆ ನೋವಿನ ಮಾತೇ.

ಹೊತ್ತು ಮೀರುತ್ತಿದೆ. ಹಾರಾಡಿ, ಮಟಪಾಡಿ, ಕೋಟ, ಕೊಕ್ಕರ್ಣೆ, ಕಮಲಶಿಲೆ, ಸೌಕೂರು, ವಂಡ್ಸೆ, ಶಿರೂರು ಕಡೆಯ ಮನೆಗಳ ಗೋಡೆಯಲ್ಲಿ, ಅಟ್ಟದ ಟ್ರಂಕಿನಲ್ಲಿ ಇನ್ನೂ ಕಪ್ಪು ಬಿಳುಪು ಚಿತ್ರಗಳಿವೆ. ಮುಚ್ಚಿಹೋದ ಸ್ಟುಡಿಯೋಗಳ ನೆಗೆಟಿವ್ ಡಬ್ಬಗಳಿವೆ. ನಮ್ಮ ಕಡಲ ಹವೆಗೆ ಅವು ಬೂಷ್ಟು ಹಿಡಿದು, ಒಂದಕ್ಕೊಂದು ಅಂಟಿ, ವರ್ಷದಿಂದ ವರ್ಷಕ್ಕೆ ಸಾಯುತ್ತಿವೆ. ಅದಕ್ಕಿಂತ ಬೇಗ ಸಾಯುತ್ತಿರುವವರು, ಚಿತ್ರ ನೋಡಿದ ಕೂಡಲೇ "ಇದ್ ಇಂಥವರ ಜಾಂಬವ ಅಲ್ದಾ" ಎಂದು ಹೇಳಬಲ್ಲ ಮುದುಕ ಮುದುಕಿಯರು. ಮುಖ ಇದ್ದೂ ಹೆಸರು ಹೇಳುವವರಿಲ್ಲದಿದ್ದರೆ ಅದು ಮತ್ತೊಂದು ಥರ್ಸ್ಟನ್ ಸಂಪುಟವೇ. ಯಕ್ಷಗಾನ ಅಕಾಡೆಮಿಗೆ, ವಿಶ್ವವಿದ್ಯಾಲಯಗಳ ಪೀಠಗಳಿಗೆ ವಿಚಾರ ಸಂಕಿರಣಕ್ಕೆ ಹಣ ಇದೆ, ಹಾರಕ್ಕೆ, ಶಾಲಿಗೆ, ಸ್ಮರಣಿಕೆಗೆ ಹಣ ಇದೆ. ಒಂದು ಸ್ಕ್ಯಾನರು ಹಿಡಿದು ಮನೆಮನೆಗೆ ಹೋಗಿ, ಚಿತ್ರವನ್ನು ಮನೆಯವರ ಕೈಯಲ್ಲೇ ಬಿಟ್ಟು, ಪ್ರತಿ ಮಾತ್ರ ಮಾಡಿಕೊಂಡು, ಹಿರಿಯರ ಬಾಯಿಯಿಂದ ಹೆಸರು ಬರೆದುಕೊಂಡು ಬರುವ ಇಬ್ಬರು ಹುಡುಗರಿಗೆ ವರ್ಷದ ಸಂಬಳ ಕೊಡಿ. ಆ ಹುಡುಗರು ಕುಂದಾಪ್ರ ಕನ್ನಡ ಬಲ್ಲವರಾಗಿರಲಿ. ಚಾವಡಿಯಲ್ಲಿ ಕೂತು ಬೆಲ್ಲ ನೀರು ಕುಡಿದು ಮಾತಾಡಬಲ್ಲವರಾಗಿರಲಿ.

ದೇವಸ್ಥಾನದ ಆಡಳಿತದವರೇ, ಮೇಳದ ಯಜಮಾನರೇ, ನಿಮಗೆ ಕೊನೆಯ ಮಾತು. ಮಂದಾರ್ತಿಗೆ ಐದು ಮೇಳ ಇದೆ, ಹರಕೆ ಆಟಕ್ಕೆ ಜನ ವರ್ಷಗಟ್ಟಲೆ ಕಾಯುತ್ತಾರೆ. ಆಮಂತ್ರಣ ಪತ್ರಿಕೆಯಲ್ಲಿ ಸೇವೆ ಕೊಡುವವರ ಹೆಸರು, ಅವರ ಮಕ್ಕಳ ಹೆಸರು, ಅಳಿಯಂದಿರ ಹೆಸರು ದಪ್ಪ ಅಕ್ಷರದಲ್ಲಿ ಅಚ್ಚಾಗುತ್ತದೆ. ಆಗಲಿ. ಮುಂದಿನ ತಿರುಗಾಟದ ಮೊದಲ ಸೇವೆಯಾಟಕ್ಕೆ ಮುನ್ನ ಒಂದು ಪುಸ್ತಕ ಹಿಡಿದು ಚೌಕಿಗೆ ಹೋಗಿ. ಗಣಪತಿಯ ಎದುರು ಕೂತು ಬಣ್ಣ ಹಚ್ಚುತ್ತಿರುವ ಒಬ್ಬೊಬ್ಬರ ಚಿತ್ರ ತೆಗೆಸಿ, ಬಣ್ಣ ಇಲ್ಲದ ಮುಖದ್ದೊಂದು, ವೇಷ ಕಟ್ಟಿದ್ದೊಂದು. ಹೆಸರು, ಊರು, ಗುರು, ಈ ವರ್ಷದ ವೇಷ ಬರೆಸಿ. ಕೋಡಂಗಿಯಿಂದ ಶುರು ಮಾಡಿ. ಬಾಲಗೋಪಾಲರನ್ನು, ಪೀಠಿಕೆ ಸ್ತ್ರೀವೇಷದವರನ್ನು, ಹಾಸ್ಯಗಾರರನ್ನು, ಚೆಂಡೆ ಮದ್ದಳೆಯವರನ್ನು, ವೇಷ ಕಟ್ಟುವವರನ್ನು, ಪೆಟ್ಟಿಗೆ ಎತ್ತುವವರನ್ನು, ಅಡುಗೆಯವರನ್ನು ಬರೆದು ಮುಗಿಸಿ ಭಾಗವತರ ಹತ್ತಿರ ಬನ್ನಿ. ಆ ಪುಸ್ತಕ ದೇವಸ್ಥಾನದ ಲೆಕ್ಕದ ಪುಸ್ತಕದ ಪಕ್ಕದಲ್ಲೇ ಇರಲಿ. ನಿಮ್ಮ ಮೇಳದ ವೇಷದ ಚಿತ್ರ ಬೇಕೆಂದು ಅಂಗಡಿಯವರೋ ಬ್ಯಾಂಕಿನವರೋ ಸರಕಾರದವರೋ ಬಂದರೆ ಆ ಪುಸ್ತಕ ತೆರೆದು ಹೆಸರು ತೋರಿಸಿ, ಇದನ್ನು ಅಚ್ಚು ಹಾಕದೆ ಚಿತ್ರ ಕೊಡುವುದಿಲ್ಲ, ಕಲಾವಿದರಿಗೆ ಸಲ್ಲಬೇಕಾದ್ದು ಸಲ್ಲದೆ ಕೊಡುವುದಿಲ್ಲ ಎಂದು ಹೇಳಿ ಕಳಿಸಿ.